ಸಂಬಳದ ಚೀಟಿ ಇಲ್ಲದವರ ಮೊದಲ ಗೃಹಸಾಲ

ಪ್ರಶ್ನೆ: ದಾವಣಗೆರೆಯಲ್ಲಿ 14 ವರ್ಷಗಳಿಂದ ಮಿರ್ಚಿ-ಮಂಡಕ್ಕಿ ಅಂಗಡಿ ನಡೆಸುತ್ತಿದ್ದೇನೆ. ದಿನಕ್ಕೆ ಸುಮಾರು 3,000 ರೂಪಾಯಿ ವ್ಯಾಪಾರವಾಗಿ, ಖರ್ಚು ಕಳೆದು 1,150 ರೂಪಾಯಿಯಷ್ಟು ಉಳಿಯುತ್ತದೆ. ಯಜಮಾನರು ಹಮಾಲಿ ಕೆಲಸ ಮಾಡುತ್ತಾರೆ. ಅವರಿಗೆ ತಿಂಗಳಿಗೆ 13,000 ರೂಪಾಯಿ ನಗದಾಗಿ ಸಿಗುತ್ತದೆ. 22 ಲಕ್ಷ ರೂಪಾಯಿಯ ಚಿಕ್ಕ ಮನೆಯೊಂದನ್ನು ನೋಡಿದ್ದೇವೆ, ಕೈಯಲ್ಲಿ 5 ಲಕ್ಷ ಇದೆ. ಬ್ಯಾಂಕಿನವರು ಸಂಬಳದ ಚೀಟಿ ಅಥವಾ ಆದಾಯ ತೆರಿಗೆ ರಿಟರ್ನ್ ಕೇಳಿದರು. ನಮ್ಮಲ್ಲಿ ಎರಡೂ ಇಲ್ಲ. ಮಧ್ಯವರ್ತಿಯೊಬ್ಬರು 25,000 ಕೊಟ್ಟರೆ ಎಲ್ಲ ಕಾಗದ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. 2025ರಲ್ಲಿ ಜಿಎಸ್‌ಟಿ ನೋಟಿಸಿನ ಸುದ್ದಿ ಕೇಳಿ ಹೆದರಿ ಅಂಗಡಿಯ ಕ್ಯೂಆರ್ ಫಲಕವನ್ನೂ ತೆಗೆದಿಟ್ಟಿದ್ದೇನೆ. ಆರು ವರ್ಷದ ಪಿಗ್ಮಿ ಪಾಸ್‌ಬುಕ್ ಇದೆ, ಸ್ವಸಹಾಯ ಸಂಘದ ಸಾಲವನ್ನು ಮೂರು ಬಾರಿ ತೀರಿಸಿದ್ದೇನೆ. ನಮ್ಮಂಥವರಿಗೆ ಸಾಲ ಸಿಗುತ್ತದೆಯೇ?
— ಓದುಗರು, ದಾವಣಗೆರೆ

ಉತ್ತರ: ಸಿಗುತ್ತದೆ. ಆದರೆ ಮೊದಲು ಆ ಮಧ್ಯವರ್ತಿಯ ಮಾತನ್ನು ಇಲ್ಲಿಗೇ ಬಿಟ್ಟುಬಿಡಿ. ಸುಳ್ಳು ಸಂಬಳದ ಚೀಟಿಯನ್ನು ಭವಿಷ್ಯನಿಧಿ ಖಾತೆಯೊಂದಿಗೆ, ಸುಳ್ಳು ರಿಟರ್ನ್ ಅನ್ನು ತೆರಿಗೆ ಇಲಾಖೆಯ ದಾಖಲೆಯೊಂದಿಗೆ ತಾಳೆ ನೋಡುವುದು ಇಂದು ಬ್ಯಾಂಕುಗಳಿಗೆ ಕೆಲವು ನಿಮಿಷಗಳ ಕೆಲಸ. ಸಿಕ್ಕಿಬಿದ್ದಾಗ ಅರ್ಜಿಯಲ್ಲಿ ಇರುವುದು ನಿಮ್ಮ ಸಹಿಯೇ ಹೊರತು ಅವರದ್ದಲ್ಲ; ಖೋಟಾ ದಾಖಲೆಯನ್ನು ಅಸಲಿ ಎಂದು ಬಳಸುವುದು ಭಾರತೀಯ ನ್ಯಾಯ ಸಂಹಿತೆಯಡಿ ಶಿಕ್ಷಾರ್ಹ ಅಪರಾಧ. ನಿಮ್ಮ ಸಂಪಾದನೆ ನಿಜವಾದದ್ದು. ಅದಕ್ಕೆ ಸುಳ್ಳು ಕಾಗದ ಹೊದಿಸಿ ನೀವು ಅಪರಾಧಿಯಾಗುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ನಿಮ್ಮ ಬಳಿ ಆಗಲೇ ಇರುವ ಪುರಾವೆಯಲ್ಲಿ ಮುಖ್ಯವಾದದ್ದು ಪಿಗ್ಮಿ ಪಾಸ್‌ಬುಕ್. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರು ಪಿಗ್ಮಿ ಆರಂಭಿಸಿದ್ದೇ ನಿತ್ಯ ದುಡಿದು ನಿತ್ಯ ಉಳಿಸುವವರಿಗಾಗಿ. ಆರು ವರ್ಷ ಪ್ರತಿದಿನ ಹಣ ಕಟ್ಟಿದ ದಾಖಲೆ, ನಿಮಗೆ ತಿಂಗಳ ಕಂತು ಕಟ್ಟುವ ಶಿಸ್ತಿದೆ ಎಂಬುದನ್ನು ಎಷ್ಟೋ ಸಂಬಳದ ಚೀಟಿಗಳಿಗಿಂತ ಚೆನ್ನಾಗಿ ಹೇಳುತ್ತದೆ. ಸಂಘದಿಂದ ಸಾಲದ ಖಾತೆಯ ವಿವರವನ್ನು ಬರಹದಲ್ಲಿ ಪಡೆಯಿರಿ. ಸಿಬಿಲ್ ಸೇರಿದಂತೆ ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಪೂರ್ಣ ವರದಿ ಕೊಡಬೇಕೆಂಬ ನಿಯಮವಿದೆ. ಆ ಸಾಲಗಳು ನಿಮ್ಮ ಹೆಸರಿನಲ್ಲಿ ಸರಿಯಾಗಿ ದಾಖಲಾಗಿವೆಯೇ ಎಂದು ಅದರಲ್ಲಿ ನೋಡಿ.

ಕ್ಯೂಆರ್ ಫಲಕವನ್ನು ನಾಳೆಯೇ ಮತ್ತೆ ಹಾಕಿ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದಲ್ಲಿ ನೋಟಿಸ್ ಕಳುಹಿಸಿದಾಗ ಬೆಂಗಳೂರಿನಲ್ಲಿ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳವರು ಸಾಲುಸಾಲಾಗಿ ‘ನಗದು ಮಾತ್ರ’ ಎಂದು ಬರೆದು ಅಂಟಿಸಿದ್ದರು. ಆದರೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷದ ವಹಿವಾಟು ಸೇವೆಗೆ 20 ಲಕ್ಷ, ಸರಕಿಗೆ 40 ಲಕ್ಷ. ವರ್ಷಕ್ಕೆ 300 ದಿನ ಅಂಗಡಿ ತೆರೆದರೂ ನಿಮ್ಮದು 9 ಲಕ್ಷ. ಆ ಮಿತಿ ನಿಮ್ಮಿಂದ ಬಹಳ ದೂರದಲ್ಲಿದೆ. ಫಲಕ ತೆಗೆದುದರಿಂದ ನಿಮಗಾದ ನಷ್ಟವೆಂದರೆ, ಪೈಸೆ ಖರ್ಚಿಲ್ಲದೆ ದಿನದಿನವೂ ಬರೆದುಕೊಳ್ಳುತ್ತಿದ್ದ ಲೆಕ್ಕವೊಂದು ನಿಂತುಹೋಯಿತು. ಉಳಿದ ನಗದನ್ನೂ ಎರಡು ಮೂರು ದಿನಕ್ಕೊಮ್ಮೆ ಅದೇ ಖಾತೆಗೆ ಕಟ್ಟಿ, ಕಡಲೆಹಿಟ್ಟು, ಎಣ್ಣೆ, ಮಂಡಕ್ಕಿಯ ಹಣವನ್ನು ಅಲ್ಲಿಂದಲೇ ಕೊಡಿ. ಯಜಮಾನರ ಕೂಲಿಯೂ ಖಾತೆಗೇ ಹೋಗಲಿ. ಅದು ಏಕೆ ಅಷ್ಟು ಮುಖ್ಯ ಎಂಬುದನ್ನು ಮುಂದೆ ಹೇಳುತ್ತೇನೆ.

ಇನ್ನು ರಿಟರ್ನ್. ಇಲ್ಲಿ ಸಣ್ಣ ವ್ಯಾಪಾರಿಗಳು ಪದೇ ಪದೇ ಮಾಡುವ ತಪ್ಪೊಂದಿದೆ. ಅಂದಾಜು ಆದಾಯದ ವಿಧಾನದಲ್ಲಿ ನಗದು ವಹಿವಾಟಿನ ಕನಿಷ್ಠ ಶೇ 8, ಡಿಜಿಟಲ್ ವಹಿವಾಟಿನ ಕನಿಷ್ಠ ಶೇ 6ರಷ್ಟನ್ನು ಲಾಭವೆಂದು ತೋರಿಸಿದರೆ ಸಾಕು ಎಂದು ಕಾನೂನು ಹೇಳುತ್ತದೆ. ರಿಟರ್ನ್ ತುಂಬಿಕೊಡುವವರು ಆ ಕನಿಷ್ಠವನ್ನೇ ಬರೆದುಬಿಡುತ್ತಾರೆ. ನಿಮ್ಮ ವಿಷಯದಲ್ಲಿ ಅದು ವರ್ಷಕ್ಕೆ 72,000, ಅಂದರೆ ತಿಂಗಳಿಗೆ 6,000 ರೂಪಾಯಿ. ಆ ಆದಾಯದ ಮೇಲೆ ಯಾವ ಬ್ಯಾಂಕೂ ಮನೆಗೆ ಸಾಲ ಕೊಡದು. ನಿಮ್ಮ ನಿಜವಾದ ಲಾಭ ವರ್ಷಕ್ಕೆ ಸುಮಾರು 3.45 ಲಕ್ಷ, ಅದನ್ನೇ ತೋರಿಸಿ. 2025-26ರಿಂದ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲದಿರುವುದರಿಂದ ನಿಜ ಹೇಳುವುದಕ್ಕೆ ನಿಮಗೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಪ್ರತಿ ವರ್ಷ ಗಡುವಿನೊಳಗೆ ಸಲ್ಲಿಸಿ, ಏಕೆಂದರೆ ಎರಡು ವರ್ಷದ ರಿಟರ್ನ್‌ಗಳು ಒಂದೇ ವಾರದಲ್ಲಿ ಸಲ್ಲಿಕೆಯಾಗಿದ್ದರೆ ಸಾಲದ ಅಧಿಕಾರಿಗಳು ಅದನ್ನು ಸಂಶಯದಿಂದಲೇ ನೋಡುತ್ತಾರೆ. ಜೊತೆಗೆ ಸಣ್ಣ ಉದ್ಯಮಗಳಿಗೆಂದು ಸರ್ಕಾರ ಮಾಡುವ ಉದ್ಯಮ್ ನೋಂದಣಿಯನ್ನೂ ಮಾಡಿಸಿ. ಆಧಾರ್ ಮತ್ತು ಪ್ಯಾನ್ ಇದ್ದರೆ ಸರ್ಕಾರದ ಜಾಲತಾಣದಲ್ಲಿ ಅದು ಸಂಪೂರ್ಣ ಉಚಿತ.

ರಿಟರ್ನ್ ಇಲ್ಲದೆಯೇ, ಅಂಗಡಿಗೆ ಬಂದು ಆದಾಯವನ್ನು ಅಂದಾಜು ಮಾಡಿ ಸಾಲ ಕೊಡುವ ಗೃಹಹಣಕಾಸು ಕಂಪನಿಗಳೂ ಇವೆ. ಅವರ ಅಧಿಕಾರಿ ಸಂಜೆ ಬಂದು ಒಂದೆರಡು ಗಂಟೆ ಕೂರುತ್ತಾರೆ. ಎಷ್ಟು ಪ್ಲೇಟು ಹೋಯಿತು, ವಾರಕ್ಕೆ ಮಂಡಕ್ಕಿಯ ಚೀಲ ಎಷ್ಟು, ತಿಂಗಳಿಗೆ ಗ್ಯಾಸ್ ಸಿಲಿಂಡರ್ ಎಷ್ಟು ಎಂದು ಕೇಳಿ, ಎಣ್ಣೆ ಅಂಗಡಿಯವರನ್ನು ವಿಚಾರಿಸಿ, ನೀವು ಹೇಳಿದ 3,000ಕ್ಕೆ ಅದು ಹೊಂದುತ್ತದೆಯೇ ಎಂದು ಲೆಕ್ಕ ಹಾಕುತ್ತಾರೆ. ದಿನದ ಖರೀದಿ ಬರೆದಿಟ್ಟ, ಎಣ್ಣೆಯ ಬೆರಳಚ್ಚು ಬಿದ್ದ ನೋಟುಬುಕ್ಕೊಂದು ಅಂಥ ಹೊತ್ತಿನಲ್ಲಿ ಬಹಳ ಕೆಲಸಕ್ಕೆ ಬರುತ್ತದೆ. ಇಂದಿನಿಂದಲೇ ಬರೆಯಲು ಶುರು ಮಾಡಿ.

ಆದರೆ ಈ ದಾರಿ ದುಬಾರಿ. 15 ಲಕ್ಷ ಸಾಲಕ್ಕೆ 20 ವರ್ಷದ ಅವಧಿಯಲ್ಲಿ ಶೇ 9ರ ಬಡ್ಡಿಯಾದರೆ ತಿಂಗಳ ಕಂತು ಸುಮಾರು 13,500; ಶೇ 13 ಆದರೆ ಸುಮಾರು 17,570. ಒಟ್ಟಾರೆ 9.7 ಲಕ್ಷಕ್ಕೂ ಹೆಚ್ಚು ವ್ಯತ್ಯಾಸ. ಅದೂ ಅಲ್ಲದೆ, 30 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇ 90ರವರೆಗೆ ಕೊಡಲು ರಿಸರ್ವ್ ಬ್ಯಾಂಕ್ ಅವಕಾಶವಿತ್ತಿದ್ದರೂ, ಆದಾಯದ ದಾಖಲೆ ದುರ್ಬಲವಾಗಿದ್ದಷ್ಟೂ ಈ ಪ್ರಮಾಣವನ್ನು ಇಳಿಸುತ್ತಾರೆ. 15 ಲಕ್ಷ ಮಾತ್ರ ಸಿಕ್ಕರೆ ನೀವು 7 ಲಕ್ಷ ಹೊಂದಿಸಬೇಕು; ಮುದ್ರಾಂಕ ಶುಲ್ಕ ಮತ್ತು 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ಇನ್ನೂ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಬೇಕು. ಆ ಕೊರತೆಗೆ ಕೈಸಾಲ ಮಾಡಿದರೆ ಮನೆಯ ಕಂತು ಮತ್ತು ಕೈಸಾಲದ ಬಡ್ಡಿ ಎರಡೂ ಒಂದೇ ಅಂಗಡಿಯ ಮೇಲೆ ಬೀಳುತ್ತವೆ.

ಆದ್ದರಿಂದ ಎರಡು ವರ್ಷ ಕಾಯಿರಿ ಎಂಬುದು ನನ್ನ ಸಲಹೆ. ಎರಡು ರಿಟರ್ನ್ ಮತ್ತು ತುಂಬಿದ ಖಾತೆಯೊಂದಿಗೆ ಹೋದಾಗ ಬ್ಯಾಂಕು ಶೇ 85ರಷ್ಟು, ಅಂದರೆ 18.7 ಲಕ್ಷ ಕೊಟ್ಟರೆ, ಶೇ 9ರ ಬಡ್ಡಿಯಲ್ಲಿ ಕಂತು ಸುಮಾರು 16,800. ನಿಮ್ಮಿಬ್ಬರ ಆದಾಯ ಸೇರಿ ತಿಂಗಳಿಗೆ 42,000ದ ಹತ್ತಿರ ಬರುವುದರಿಂದ ಕಂತು ಅದರ ಶೇ 40ರಲ್ಲಿ ನಿಲ್ಲುತ್ತದೆ. ಯಜಮಾನರ ಕೂಲಿ ದಾಖಲೆಗೆ ಬಾರದಿದ್ದರೆ ಅರ್ಧಕ್ಕಿಂತ ಮೇಲೆ ಹೋಗಿ ಅರ್ಜಿ ಬಿದ್ದುಹೋಗುತ್ತದೆ. ಆ ಮನೆ ಅಷ್ಟು ದಿನ ಉಳಿಯದೇ ಹೋಗಬಹುದು, ಬೆಲೆಯೂ ಏರಬಹುದು. ಅದನ್ನು ತಿಳಿದೇ ಈ ಮಾತು ಹೇಳುತ್ತಿದ್ದೇನೆ. ಕಾಯಲು ಸಾಧ್ಯವೇ ಇಲ್ಲವಾದರೆ ಬದಲಾಗುವ ಬಡ್ಡಿದರದ ಸಾಲವನ್ನೇ ಪಡೆಯಿರಿ. ವ್ಯಕ್ತಿಗಳು ಪಡೆದ ಅಂಥ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ವಿಧಿಸುವಂತಿಲ್ಲವಾದ್ದರಿಂದ, ರಿಟರ್ನ್‌ಗಳು ಕೈಗೆ ಬಂದ ಮೇಲೆ ಕಡಿಮೆ ಬಡ್ಡಿಯ ಬ್ಯಾಂಕಿಗೆ ವರ್ಗಾಯಿಸಿಕೊಳ್ಳಬಹುದು.

ಪ್ರಧಾನಮಂತ್ರಿ ಆವಾಸ್ ಯೋಜನೆ-ನಗರ 2.0ರ ಬಡ್ಡಿ ಸಹಾಯಧನವನ್ನೂ ಕೇಳಿ. ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆಯಿಲ್ಲದ, ವರ್ಷದ ಆದಾಯ 9 ಲಕ್ಷದೊಳಗಿನ ಕುಟುಂಬಕ್ಕೆ, ಮನೆಯ ಬೆಲೆ 35 ಲಕ್ಷ ಮತ್ತು ಸಾಲ 25 ಲಕ್ಷ ಮೀರದಿದ್ದರೆ, ಐದು ವಾರ್ಷಿಕ ಕಂತುಗಳಲ್ಲಿ ಗರಿಷ್ಠ 1.80 ಲಕ್ಷ ಸಾಲದ ಖಾತೆಗೆ ಬರುತ್ತದೆ. ಮನೆ ನಿಮ್ಮ ಹೆಸರಿನಲ್ಲಿ ಅಥವಾ ದಂಪತಿಯ ಜಂಟಿ ಹೆಸರಿನಲ್ಲಿರಲಿ. ಮುಂಗಡ ಕೊಡುವ ಮೊದಲು ಇ-ಖಾತಾ, ಕ್ರಯಪತ್ರ ಮತ್ತು ಋಣಭಾರ ಪ್ರಮಾಣಪತ್ರವನ್ನು ವಕೀಲರಿಗೆ ತೋರಿಸಿ. ಬಿ-ಖಾತಾ, ಅಂದರೆ ಅನಧಿಕೃತ ಆಸ್ತಿಗೆ ಕೊಡುವ ಖಾತಾ, ಎಂದು ತಿಳಿದರೆ ಅಲ್ಲಿಗೇ ಬಿಡಿ. ನಿಮ್ಮ ಆದಾಯ ಎಷ್ಟೇ ಇದ್ದರೂ ಹೆಚ್ಚಿನ ಬ್ಯಾಂಕುಗಳು ಅಂಥ ಮನೆಯ ಮೇಲೆ ಸಾಲ ಕೊಡುವುದಿಲ್ಲ.

ಪ್ರಶ್ನೆ: ಕೆಲಸಕ್ಕೆ ಸೇರಿ ಐದು ತಿಂಗಳಾಗಿದೆ. ಹಿಂದೆ ಎಂದೂ ಸಾಲ ಪಡೆದಿಲ್ಲ. ಸಿಬಿಲ್‌ನಲ್ಲಿ ಅಂಕವೇ ಇಲ್ಲ ಎಂದು ಗೃಹಸಾಲದ ಅರ್ಜಿಯನ್ನು ಮರಳಿಸಿದ್ದಾರೆ. ಇದು ಸರಿಯೇ?
— ಓದುಗರು, ಮೈಸೂರು

ಉತ್ತರ: ಅದೊಂದೇ ಕಾರಣವಾಗಿದ್ದರೆ ಸರಿಯಲ್ಲ. ಸಾಲದ ಇತಿಹಾಸವಿಲ್ಲವೆಂಬ ಕಾರಣಕ್ಕಷ್ಟೇ ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ತಿಳಿಸಿದೆ. ಕನಿಷ್ಠ ಅಂಕವನ್ನು ನಿಗದಿಪಡಿಸಿಲ್ಲವೆಂದು 2025ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ ಸಂಸತ್ತಿನಲ್ಲಿಯೂ ಹೇಳಿದೆ. ತಿರಸ್ಕಾರದ ಕಾರಣವನ್ನು ಬರಹದಲ್ಲಿ ಕೇಳಿ. ಆದರೆ ಐದು ತಿಂಗಳ ಕೆಲಸ ಸಾಲದು ಎಂದು ಬ್ಯಾಂಕು ಹೇಳಿದರೆ ಅದು ಅದರ ವಿವೇಚನೆಗೆ ಬಿಟ್ಟದ್ದು. ಕೆಲಸ ಬದಲಿಸದೆ ಒಂದು ವರ್ಷ ಪೂರೈಸಿ, ಈ ನಡುವೆ ಠೇವಣಿಯ ಮೇಲೆ ಸಿಗುವ ಕ್ರೆಡಿಟ್ ಕಾರ್ಡ್ ಪಡೆದು ಪ್ರತಿ ತಿಂಗಳ ಬಿಲ್ಲನ್ನೂ ಪೂರ್ತಿಯಾಗಿ ತೀರಿಸುತ್ತ ಬಂದು, ಮತ್ತೆ ಅರ್ಜಿ ಹಾಕಿ. ಅಷ್ಟರೊಳಗೆ ಐದಾರು ಬ್ಯಾಂಕುಗಳಿಗೆ ಒಟ್ಟಿಗೇ ಅರ್ಜಿ ಹಾಕಬೇಡಿ. ಪ್ರತಿ ವಿಚಾರಣೆಯೂ ನಿಮ್ಮ ವರದಿಯಲ್ಲಿ ದಾಖಲಾಗುತ್ತದೆ.