ಕೆಲಸಗಾರರು ಬೇಕಿದ್ದರೂ ಮಾಲೀಕರು ಕೂಲಿ ಯಾಕೆ ಏರಿಸಲ್ಲ?

ಬಿಟ್ಟು ಹೋಗೋದು ಸುಲಭವಲ್ಲ ಅಂತ ಅವರಿಗೆ ಗೊತ್ತು, ಅದಕ್ಕೆ. ದಕ್ಷಿಣ ಕನ್ನಡದಲ್ಲಿ ಮನೆಯಲ್ಲೇ ಬೀಡಿ ಕಟ್ಟುವ ಹೆಂಗಸರನ್ನು ನೋಡಿ. ಎಲೆ, ತಂಬಾಕು ಕೊಡುವವನು ಗುತ್ತಿಗೆದಾರ. ಕಟ್ಟಿದ ಬೀಡಿ ಎಣಿಸಿ ತಗೊಳ್ಳುವವನೂ ಅವನೇ. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ‘ಇದು ಸರಿಯಿಲ್ಲ’ ಅಂತ ಅವನು ಒಂದಷ್ಟು ಬೀಡಿ ಪಕ್ಕಕ್ಕಿಟ್ಟರೆ ಆ ದುಡ್ಡು ಹೋಯಿತು. ಮಕ್ಕಳನ್ನು ಬಿಟ್ಟು ದೂರ ಹೋಗಲಾಗದವರು ಏನು ಚೌಕಾಸಿ ಮಾಡಿಯಾರು?

ದುಡಿಮೆಯನ್ನು ಕೊಳ್ಳುವವನ, ಅಂದರೆ ಮಾಲೀಕನ, ಈ ಹಿಡಿತಕ್ಕೆ ‘ಮೊನಾಪ್ಸನಿ’ ಅನ್ನೋ ಹೆಸರನ್ನು 1933ರಲ್ಲಿ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ ಬಳಕೆಗೆ ತಂದರು. ಇಂಥ ಕಡೆ ಸರ್ಕಾರ ಕನಿಷ್ಠ ಕೂಲಿ ಏರಿಸಿದರೆ ಕೆಲಸ ಹೋಗಲೇಬೇಕು ಅಂತೇನಿಲ್ಲ; ದುಡಿಮೆಯ ಬೆಲೆಗಿಂತ ಕಡಿಮೆ ಕೊಡುತ್ತಿದ್ದ ಮಾಲೀಕನಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಲಾಭ ಉಳಿಯಬಹುದು. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ಕೂಲಿಯನ್ನು 4.25ರಿಂದ 5.05 ಡಾಲರಿಗೆ ಏರಿಸಿತು. ಅರ್ಥಶಾಸ್ತ್ರಜ್ಞರಾದ ಕಾರ್ಡ್ ಮತ್ತು ಕ್ರೂಗರ್ ಅಲ್ಲಿನ ಫಾಸ್ಟ್‌ಫುಡ್ ಅಂಗಡಿಗಳನ್ನು, ಕನಿಷ್ಠ ಕೂಲಿ ಏರಿಸದ ಪಕ್ಕದ ಪೆನ್ಸಿಲ್ವೇನಿಯಾದವುಗಳ ಜೊತೆ ಹೋಲಿಸಿದರು. ಕೆಲಸ ಕಡಿಮೆಯಾದದ್ದು ಅವರಿಗೆ ಕಾಣಲಿಲ್ಲ.