ಮಡಚುವ ಚಾಕುವಿನ ಲಾಕ್ ಎಷ್ಟು ಭಾರ ತಡೆಯಬೇಕು?

ಪ್ರಶ್ನೆ: ಮಾವಿನ ಕಸಿ ಕಟ್ಟುವುದಕ್ಕೂ ತೋಟದ ಸಣ್ಣಪುಟ್ಟ ಕೆಲಸಕ್ಕೂ ಲಾಕ್ ಇರುವ ಮಡಚುವ ಚಾಕುವೊಂದನ್ನು ಕೊಳ್ಳಬೇಕೆಂದಿದ್ದೇನೆ. ಅಲಗನ್ನು ವೈಸ್‌ನಲ್ಲಿ ಬಿಗಿದು, ಹಿಡಿಗೆ ತೂಕ ನೇತುಹಾಕಿ, ಎಷ್ಟು ಕಿಲೋಗೆ ಲಾಕ್ ಸೋಲುತ್ತದೆಂದು ತೋರಿಸುವ ವಿಡಿಯೊಗಳನ್ನು ನೋಡಿದೆ. ಅತಿ ಹೆಚ್ಚು ತೂಕ ತಡೆದದ್ದನ್ನೇ ಆರಿಸಬೇಕೆ?

ಉತ್ತರ: ಆರಿಸಬೇಕಾದ ಅಗತ್ಯವಿಲ್ಲ. ಕೊಯ್ಯುವಾಗ ಅಲಗಿನ ಹರಿತವಾದ ಬಾಯಿಯ ಮೇಲೆ ಬೀಳುವ ಒತ್ತಡವು ಅಲಗನ್ನು ಇನ್ನಷ್ಟು ತೆರೆಯುವ ದಿಕ್ಕಿಗೆ ತಳ್ಳುತ್ತದೆಯೇ ಹೊರತು ಮಡಚುವ ದಿಕ್ಕಿಗಲ್ಲ. ಕೊಂಬೆಯಲ್ಲಿ ಸಿಕ್ಕಿಕೊಂಡ ಅಲಗನ್ನು ಎಳೆದು ಬಿಡಿಸುವಾಗ, ತುದಿಯಿಂದ ಚುಚ್ಚುವಾಗ ಅಥವಾ ಅಲಗಿನ ಬೆನ್ನಿಗೆ ಏಟು ಬಿದ್ದಾಗ ಮಾತ್ರ ಲಾಕ್‌ನ ನಿಜವಾದ ಕೆಲಸ ಶುರುವಾಗುತ್ತದೆ. ಲಾಕೇ ಇಲ್ಲದೆ ಬರೀ ಸ್ಪ್ರಿಂಗ್‌ನ ಬಿಗಿಯಲ್ಲಿ ನಿಲ್ಲುವ 91 ಮಿ.ಮೀ. ಸ್ವಿಸ್ ಚಾಕುಗಳು ಇಷ್ಟು ಕಾಲ ಜನರ ಜೇಬಿನಲ್ಲಿ ಉಳಿದಿರುವುದು ಇದೇ ಕಾರಣಕ್ಕೆ.

ಕಿಲೋ ಲೆಕ್ಕವನ್ನು ಓದುವಾಗಲೂ ಎಚ್ಚರ ಬೇಕು. ಕೀಲಿನಿಂದ 8 ಸೆಂ.ಮೀ. ದೂರದಲ್ಲಿ 10 ಕಿಲೋ ತೂಗಹಾಕಿದರೆ, ಕೀಲಿನಿಂದ 8 ಮಿ.ಮೀ. ಅಂತರದಲ್ಲಿರುವ ಲಾಕ್‌ನ ತುದಿಯ ಮೇಲೆ ಸುಮಾರು 100 ಕಿಲೋ ಭಾರ ಬೀಳುತ್ತದೆ; ಅದೇ ತೂಕವನ್ನು 4 ಸೆಂ.ಮೀ.ಗೆ ಸರಿಸಿದರೆ ಭಾರ ಅರ್ಧಕ್ಕಿಳಿಯುತ್ತದೆ. ದೂರವನ್ನು ಹೇಳದೆ ಕಿಲೋ ಮಾತ್ರ ಹೇಳುವ ವಿಡಿಯೊದಿಂದ ಎರಡು ಚಾಕುಗಳನ್ನು ಹೋಲಿಸಲಾಗದು.

ಅದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ವೈಸ್‌ಗೆ ಏರುವುದು ಹೊಸ, ಶುಭ್ರವಾದ ಒಂದೇ ಚಾಕು, ಅದರ ಮೇಲೆ ಭಾರ ಏರುವುದು ನಿಧಾನವಾಗಿ, ನೇರವಾಗಿ. ಬಳಕೆಯಲ್ಲಿ ಲಾಕ್ ಜಾರುವುದು ಹೆಚ್ಚಾಗಿ ಕೊಳೆ, ಸವೆತ, ತಿರುಚು ಮತ್ತು ಹಠಾತ್ ಏಟಿನಿಂದ. ಹಿಡಿಯೊಳಗಿನ ತೆಳು ಲೋಹದ ಪಟ್ಟಿಯೊಂದು ಅಲಗಿನ ಬುಡಕ್ಕೆ ಆನಿಕೊಳ್ಳುವ ಲೈನರ್ ಲಾಕ್‌ನಲ್ಲಿ, ಕೈ ತಿರುಚಿದಾಗ ಬೆರಳೇ ಆ ಪಟ್ಟಿಯನ್ನು ಪಕ್ಕಕ್ಕೆ ಸರಿಸಬಹುದು. 1964ರ ಬಕ್ 110 ಎಂಬ ಅಮೆರಿಕದ ಮಡಚುವ ಚಾಕು ಜನಪ್ರಿಯಗೊಳಿಸಿದ, ಹಿಡಿಯ ಬೆನ್ನಿನ ಕಡೆ ಕೊಕ್ಕೆ ಬೀಳುವ ಲಾಕ್‌ನಲ್ಲಿ, ಕಚ್ಚಿನೊಳಗೆ ಮಾವಿನ ಸೊನೆ ಗಟ್ಟಿಯಾಗಿದ್ದರೆ ಕೊಕ್ಕೆ ಪೂರ್ತಿ ಇಳಿಯುವುದೇ ಇಲ್ಲ. ಫ್ರಾನ್ಸಿನ ಒಪಿನೆಲ್ ಚಾಕುವಿಗೆ 1955ರಲ್ಲಿ ಬಂದ ತಿರುಗುವ ಉಂಗುರ ಚೆನ್ನಾಗಿಯೇ ತಡೆಯುತ್ತದೆ, ಆದರೆ ಅದನ್ನು ತಿರುಗಿಸಲು ಮರೆತವನಿಗೆ ಯಾವ ಅಂಕಿಯೂ ನೆರವಾಗದು.

ಹಾಗೆಂದು ಪರೀಕ್ಷೆ ವ್ಯರ್ಥವೆನ್ನಲಾರೆ. ಅಲ್ಪ ಭಾರಕ್ಕೇ ಸೋಲುವ ಲಾಕ್‌ನಲ್ಲಿ ವಿನ್ಯಾಸದ ಅಥವಾ ತಯಾರಿಕೆಯ ಲೋಪವಿದೆಯೆಂಬುದು ಖಚಿತ. ಯಾವುದು ಅತಿ ಹೆಚ್ಚು ಕಿಲೋ ತಡೆಯುತ್ತದೆಂಬ ಪೈಪೋಟಿ ಮಾತ್ರ ಜಾಹೀರಾತಿಗೆ ಸೇರಿದ್ದು. ಅಲಗಿನ ಬೆನ್ನನ್ನು ಮೇಜಿಗೆ ಬಡಿದು ನೋಡುವ ಇನ್ನೊಂದು ರೂಢಿಯಿದೆ. ಬಡಿತದ ಬಲಕ್ಕೆ ಅಳತೆಯಿಲ್ಲದ ಈ ಪ್ರಯೋಗವು ಒಳ್ಳೆಯ ಲಾಕನ್ನೂ ಕೆಡಿಸಬಹುದು, ಮಾಡಬೇಡಿ.

ಅಂಗಡಿಯಲ್ಲಿ ಅಲಗನ್ನು ನಿಧಾನವಾಗಿ ತೆರೆದು ಲಾಕ್ ಪೂರ್ತಿ ಕೂರುವುದೇ, ಅಲಗು ಮೇಲೆ ಕೆಳಗೆ ಅಲುಗಾಡುವುದೇ ಎಂದು ನೋಡಿ. ಬೆರಳುಗಳನ್ನು ಬಾಯಿಯ ದಾರಿಯಿಂದ ದೂರವಿಟ್ಟು ಬೆನ್ನನ್ನು ಹಗುರವಾಗಿ ಒತ್ತಿ ನೋಡಿ. ಕಸಿಯ ಕೆಲಸ ಮುಗಿದ ದಿನವೇ ಸೊನೆಯನ್ನು ಒರೆಸಿ ಕೀಲಿಗೆ ಒಂದು ಹನಿ ಎಣ್ಣೆ ಬಿಡಿ. ಮೀಟುವ, ಕುಟ್ಟಿ ಸೀಳುವ ಕೆಲಸಗಳಿಗೆ ಮಡಚದ ಚಾಕುವನ್ನೋ ಕತ್ತಿಯನ್ನೋ ಬಳಸಿ.