ಇಂಗ್ಲೆಂಡಿನಲ್ಲಿ ಕಾರಿಲ್ಲದೆ ನದಿ, ಕಾಲುವೆ, ಹಳ್ಳಿ ನೋಡುತ್ತ ನಡೆಯಲು ಒಳ್ಳೆಯ ದಾರಿ ಯಾವುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಮಗನ ಮನೆಗೆಂದು ಮೂರು ತಿಂಗಳು ಇಂಗ್ಲೆಂಡಿಗೆ ಹೊರಟಿದ್ದೀರಿ. ಇಬ್ಬರಿಗೂ ಅರವತ್ತು ದಾಟಿದೆ, ದಿನಾ ವಾಕಿಂಗ್ ರೂಢಿಯಿದೆ, ಆದರೆ ಗುಡ್ಡ ಹತ್ತಲು ಮಂಡಿ ಒಪ್ಪುವುದಿಲ್ಲ. ಅಲ್ಲಿ ಕಾರು ಓಡಿಸುವವರಲ್ಲ. ಬೆಳಿಗ್ಗೆ ಹೋಗಿ ಸಂಜೆಗೆ ಬರುವಂಥ ದಾರಿ ಬೇಕು. ಜೊತೆಗೆ, ಯಾರದ್ದೋ ಹೊಲದೊಳಗೆ ಕಾಲಿಟ್ಟರೆ ಬೈಯುತ್ತಾರಾ ಅನ್ನುವ ಭಯ.

ನಾನು ಆ ದೇಶದಲ್ಲಿ ಕೆಲವು ವರ್ಷ ಇದ್ದವನು, ರಜೆ ಸಿಕ್ಕಾಗಲೆಲ್ಲ ರೈಲು ಹತ್ತಿ ನಡೆಯಲು ಹೋಗುತ್ತಿದ್ದವನು. ನೀವು ಕೇಳಿದ ಮೂರರಲ್ಲಿ ಕಾಲುವೆಯನ್ನು ಹಿಡಿಯಿರಿ. ನದಿಯೂ ಹಳ್ಳಿಯೂ ತಾವಾಗಿಯೇ ಸಿಗುತ್ತವೆ. ಶುರು ಮಾಡಲು ನೈಋತ್ಯ ಇಂಗ್ಲೆಂಡಿನ ಬಾತ್ ಪಟ್ಟಣದಿಂದ ಬ್ರಾಡ್‌ಫರ್ಡ್ ಆನ್ ಏವನ್ ಎಂಬ ಪುಟ್ಟ ಊರಿನವರೆಗಿನ ಕಾಲುವೆ ದಂಡೆಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ನದಿಯ ದಂಡೆ ಯಾಕೆ ಬೇಡ ಅಂದರೆ, ಅದರ ಪಕ್ಕದಲ್ಲಿ ದಾರಿ ಇದ್ದೇ ಇರುತ್ತದೆ ಅನ್ನುವ ಖಾತ್ರಿಯಿಲ್ಲ. ಇದ್ದರೂ ನಡುವೆ ಯಾರದ್ದೋ ತೋಟ ಬಂದು ಸುತ್ತು ಹಾಕಿಸುತ್ತದೆ. ಚಳಿಗಾಲದಲ್ಲಿ ದಂಡೆಯ ಹುಲ್ಲುಗಾವಲಿಗೆ ನೀರು ನುಗ್ಗಿದರೆ ಆ ದಾರಿಯೂ ಇಲ್ಲ. ಕಾಲುವೆಯ ಕತೆ ಬೇರೆ. ಇಂಗ್ಲೆಂಡಿನ ಈ ಕಾಲುವೆಗಳು ಬೇಸಾಯಕ್ಕೆ ತೋಡಿದವಲ್ಲ, ಸರಕು ಸಾಗಿಸಲು ತೋಡಿದವು. ಕಲ್ಲಿದ್ದಲು ತುಂಬಿದ ದೋಣಿಗೆ ಹಗ್ಗ ಕಟ್ಟಿ, ದಂಡೆಯ ಮೇಲೆ ನಡೆಯುವ ಕುದುರೆಯಿಂದ ಎಳೆಸುತ್ತಿದ್ದರು. ಕುದುರೆಗೆ ದಾರಿ ಬೇಕೇ ಬೇಕಲ್ಲ, ಹಾಗಾಗಿ ಕಾಲುವೆಯ ಉದ್ದಕ್ಕೂ ಒಂದು ಹಾದಿ ಉಳಿದುಕೊಂಡಿದೆ. ಅದನ್ನು ಅಲ್ಲಿ ಟೋಪಾತ್ ಅನ್ನುತ್ತಾರೆ. ಹಳೆಯ ಕಾಲುವೆ ಸೇತುವೆಗಳ ಕೆಳಗೆ ಹಾಯುವಾಗ ಮೂಲೆಯ ಕಲ್ಲಿಗೆ ಕೈಯಿಟ್ಟು ನೋಡಿ. ಎಷ್ಟೋ ಕಡೆ ಆ ಹಗ್ಗ ಉಜ್ಜಿ ಉಜ್ಜಿ ಬೆರಳು ಇಳಿಯುವಷ್ಟು ಗೀರು ಬಿದ್ದಿರುತ್ತದೆ.

ನಿಮ್ಮ ಮಂಡಿಗೆ ಸಂಬಂಧಪಟ್ಟ ವಿಷಯ ಇನ್ನೊಂದಿದೆ. ಕಾಲುವೆಯ ನೀರು ನಿಂತ ನೀರು, ಮಟ್ಟ ಒಂದೇ ಇರಬೇಕು. ಏರು ತಗ್ಗು ಬಂದಲ್ಲಿ ಮಾತ್ರ ಲಾಕ್ ಕಟ್ಟಿರುತ್ತಾರೆ. ಎರಡು ಬಾಗಿಲುಗಳ ನಡುವೆ ದೋಣಿ ನಿಲ್ಲಿಸಿ ನೀರು ತುಂಬಿ ಮೇಲೆತ್ತುವ, ಇಲ್ಲವೇ ನೀರು ಬಿಟ್ಟು ಕೆಳಗಿಳಿಸುವ ಕಟ್ಟೆ ಅದು. ದಂಡೆಯ ದಾರಿ ಹತ್ತುವುದು ಇಳಿಯುವುದು ಹೆಚ್ಚಾಗಿ ಲಾಕ್ ಇರುವಲ್ಲಷ್ಟೇ. ಬಾತ್‌ನ ಕೊನೆಯ ಲಾಕ್ ದಾಟಿದ ಮೇಲೆ ಬ್ರಾಡ್‌ಫರ್ಡ್‌ನ ಲಾಕ್ ಬರುವವರೆಗೆ ಒಂಬತ್ತು ಮೈಲಿ, ಅಂದರೆ ಹದಿನಾಲ್ಕು ಕಿ.ಮೀ.ಗೂ ಹೆಚ್ಚು, ನಡುವೆ ಒಂದೂ ಲಾಕ್ ಇಲ್ಲ. ಏವನ್ ನದಿ ಕೆಳಗೆ ಕಣಿವೆಯ ತಳದಲ್ಲಿ ಹರಿಯುತ್ತದೆ. ಕಾಲುವೆ ಮಾತ್ರ ಗೋಡೆಗೆ ಹೊಡೆದ ಶೆಲ್ಫಿನ ಹಾಗೆ ಗುಡ್ಡದ ಮೈಗೆ ಅಂಟಿಕೊಂಡು ಸಾಗುತ್ತದೆ. ಗುಡ್ಡ ಹತ್ತದೆಯೇ ಕಣಿವೆಯನ್ನು ಮೇಲಿನಿಂದ ನೋಡುವ ಸುಖ ನಿಮ್ಮದು.

ಇದು ಕೆನೆಟ್ ಅಂಡ್ ಏವನ್ ಕಾಲುವೆ. ರೆಡಿಂಗ್‌ನಿಂದ ಬ್ರಿಸ್ಟಲ್‌ವರೆಗಿನ ಸುಮಾರು 140 ಕಿ.ಮೀ. ಜಲಮಾರ್ಗ, 1810ರಲ್ಲಿ ಪೂರ್ತಿ ತೆರೆಯಿತು. ಎಂಜಿನಿಯರ್ ಜಾನ್ ರೆನ್ನಿ. ಸುಮಾರು ಮೂವತ್ತು ವರ್ಷಕ್ಕೆ ರೈಲು ಬಂದು ಸರಕನ್ನು ಕಸಿದುಕೊಳ್ಳತೊಡಗಿತು. ಕ್ರಮೇಣ ಕಾಲುವೆ ಹೂಳು ತುಂಬಿ, ಕೆಲವು ಕಡೆ ಒಣಗಿಯೂ ಹೋಗಿತ್ತು. ಅದನ್ನು ಉಳಿಸಿದ್ದರಲ್ಲಿ ದಶಕಗಟ್ಟಲೆ ಕೆಲಸ ಮಾಡಿದ ಸ್ವಯಂಸೇವಕರ ಪಾಲು ದೊಡ್ಡದು. 1990ರಲ್ಲಿ ಎಲಿಜಬೆತ್ ರಾಣಿ ಬಂದು ಮತ್ತೆ ತೆರೆದರು.

ಬಾತ್ ಸ್ಪಾ ಸ್ಟೇಷನ್ನಿನಲ್ಲಿ ಇಳಿದು ಹಿಂಬದಿಗೆ ಬಂದು ನದಿ ದಾಟಿದರೆ ವಿಡ್ಕಂಬ್ ಲಾಕ್‌ಗಳು. ಇಡೀ ದಾರಿಯಲ್ಲಿ ಏರು ಹತ್ತಬೇಕಾದದ್ದು ಇಲ್ಲಿ ಮಾತ್ರ. ಅಲ್ಲೊಂದು ಲಾಕ್ ಸುಮಾರು ಆರು ಮೀಟರ್ ಆಳವಿದೆ, ಅಂಚಿಗೆ ತೀರ ಹತ್ತಿರ ಹೋಗಬೇಡಿ. ಮುಂದೆ ಸಿಡ್ನಿ ಗಾರ್ಡನ್ಸ್ ಉದ್ಯಾನದೊಳಗೆ 1800ರ ಕಾಲದ ಕಬ್ಬಿಣದ ಪುಟ್ಟ ಸೇತುವೆಗಳು. ಆಮೇಲೆ ಬಾತಾಂಪ್ಟನ್ ಹಳ್ಳಿ: ಕಾಲುವೆಗೆ ತಾಗಿಕೊಂಡೇ ಚರ್ಚು, ಪಬ್ಬು. ಅಲ್ಲಿಗೆ ಪಟ್ಟಣದ ಸದ್ದು ಮುಗಿಯುತ್ತದೆ.

ಕ್ಲಾವರ್ಟನ್‌ನ ಹಳೆಯ ಪಂಪ್‌ಹೌಸ್ ಹತ್ತಿರ ತಪ್ಪದೆ ನಿಲ್ಲಿ. ದೋಣಿಯೊಂದು ಲಾಕ್ ದಾಟಿದಾಗಲೆಲ್ಲ ಮೇಲಿನ ನೀರು ಒಂದಷ್ಟು ಕೆಳಗೆ ಹೋಗುತ್ತದೆ. ಒಂಬತ್ತು ಮೈಲಿಯ ಈ ನೀರು ಬರಿದಾಗದ ಹಾಗೆ ತುಂಬುವುದು ಹೇಗೆ? ರೆನ್ನಿ ನದಿಯನ್ನೇ ದುಡಿಸಿಕೊಂಡ. ಏವನ್‌ನ ಹರಿವಿನಿಂದ ದೊಡ್ಡದೊಂದು ನೀರಿನ ಚಕ್ರ ತಿರುಗುತ್ತಿತ್ತು. ಆ ಚಕ್ರ ಪಂಪನ್ನು ನಡೆಸುತ್ತಿತ್ತು, ಪಂಪು ಅದೇ ನದಿಯ ನೀರನ್ನು ಸುಮಾರು 14 ಮೀಟರ್ ಮೇಲಿರುವ ಕಾಲುವೆಗೆ ಎತ್ತುತ್ತಿತ್ತು. ಕಲ್ಲಿದ್ದಲು ಬೇಡ, ಎಣ್ಣೆ ಬೇಡ. 1813ರಲ್ಲಿ ಶುರುವಾದದ್ದು 1952ರವರೆಗೆ ಕೆಲಸ ಮಾಡಿತು. ಈಗ ಸ್ವಯಂಸೇವಕರು ಕೆಲವು ದಿನ ಮಾತ್ರ ತೆರೆದು ತೋರಿಸುತ್ತಾರೆ. ಯಾವ ದಿನ ಅಂತ ಮೊದಲೇ ನೋಡಿಕೊಂಡು ನಿಮ್ಮ ನಡಿಗೆಯನ್ನು ಅದಕ್ಕೆ ಹೊಂದಿಸಿಕೊಳ್ಳಿ. ನನ್ನ ಮಟ್ಟಿಗೆ ಈ ದಾರಿಯಲ್ಲಿ ಇದಕ್ಕಿಂತ ಸೊಗಸಾದದ್ದು ಇಲ್ಲ, ಫೋಟೋಗಳಲ್ಲಿ ಮೆರೆಯುವುದು ಮಾತ್ರ ಮುಂದಿನ ಡಂಡಾಸ್.

ಡಂಡಾಸ್ ಒಂದು ಮೇಲ್ಗಾಲುವೆ. ಕಾಲುವೆ ಕಲ್ಲಿನ ಕಮಾನುಗಳ ಮೇಲೆ ಹತ್ತಿ ನದಿಯನ್ನೂ ರೈಲು ಹಳಿಯನ್ನೂ ದಾಟಿ ಕಣಿವೆಯ ಆಚೆ ಮಗ್ಗುಲಿಗೆ ಹೋಗುತ್ತದೆ. ಕೆಲವು ಮೈಲಿ ಆದಮೇಲೆ ಏವನ್‌ಕ್ಲಿಫ್‌ನಲ್ಲಿ ಇನ್ನೊಂದು ಮೇಲ್ಗಾಲುವೆ ಹಿಡಿದು ಈಚೆಗೆ ಬರುತ್ತದೆ. ಏವನ್‌ಕ್ಲಿಫ್‌ನ ನಡುಗಮಾನು ಕೊಂಚ ಕುಸಿದು ಬಾಗಿದೆ, ಬದಿಯಿಂದ ನೋಡಿದರೆ ಗೊತ್ತಾಗುತ್ತದೆ. ಕಟ್ಟಿದ ಸ್ವಲ್ಪ ಕಾಲಕ್ಕೇ ಹಾಗಾದದ್ದಂತೆ, ಗಾಬರಿಯಾಗಬೇಡಿ. ಅಲ್ಲಿಂದ ಬ್ರಾಡ್‌ಫರ್ಡ್ ಎರಡೂವರೆ ಕಿ.ಮೀ. ಊರು ಹೊಗುವ ಮುಂಚೆ ಕಾಲುವೆಗೂ ನದಿಗೂ ನಡುವೆ ಹದಿನಾಲ್ಕನೇ ಶತಮಾನದ ಭಾರೀ ಕಣಜ ಸಿಗುತ್ತದೆ, ಸುಮಾರು 51 ಮೀಟರ್ ಉದ್ದ. ಒಳಗೆ ಹೋಗಿ ತಲೆಯೆತ್ತಿ ಚಾವಣಿಯ ಮರಗೆಲಸ ನೋಡಿ. ಬ್ರಾಡ್‌ಫರ್ಡ್‌ನಿಂದ ರೈಲಿನಲ್ಲಿ ಬಾತ್‌ಗೆ ಸುಮಾರು ಕಾಲು ಗಂಟೆ.

ಈ ದಾರಿಯನ್ನು ಹೇಳುವುದಕ್ಕೆ ರೈಲೇ ಅರ್ಧ ಕಾರಣ. ಕಣಿವೆ ಕಿರಿದಾದ್ದರಿಂದ ನದಿ, ಕಾಲುವೆ, ರೈಲು ಮೂರೂ ಒತ್ತೊತ್ತಾಗಿ ಸಾಗುತ್ತವೆ. ಪೂರ್ತಿ ದೂರ ಸುಮಾರು 16 ಕಿ.ಮೀ., ನಿಂತು ಕೂತು ನೋಡಿಕೊಂಡು ಹೋದರೆ ಆರು ತಾಸು ಹಿಡಿಯುತ್ತದೆ. ಸಾಕೆನಿಸಿದರೆ ಏವನ್‌ಕ್ಲಿಫ್‌ನಲ್ಲೇ ಪುಟ್ಟ ಸ್ಟೇಷನ್ನಿದೆ. ಅಥವಾ ಅಷ್ಟು ನಡಿಗೆಯೇ ಬೇಡವೆಂದರೆ ತಿರುಗುಮುರುಗಾಗಿ ಮಾಡಿ: ಬ್ರಾಡ್‌ಫರ್ಡ್‌ನಿಂದ ಏವನ್‌ಕ್ಲಿಫ್‌ವರೆಗೆ ಕಾಲುವೆ, ಅಲ್ಲಿಂದ ಕೆಳಗಿಳಿದು ನದಿ ಪಕ್ಕದ ಹುಲ್ಲುಗಾವಲಿನಲ್ಲಿ ಫ್ರೆಶ್‌ಫರ್ಡ್ ಹಳ್ಳಿ, ಅಲ್ಲಿ ರೈಲು. ನದಿ, ಕಾಲುವೆ, ಹಳ್ಳಿ ಮೂರೂ ಅರ್ಧ ದಿನದಲ್ಲಿ ಮುಗಿಯುತ್ತದೆ. ಮೊದಲ ಸಲಕ್ಕೆ ನಿಮಗೆ ಇದೇ ವಾಸಿ. ಸಣ್ಣ ಸ್ಟೇಷನ್ನುಗಳಲ್ಲಿ ಎಲ್ಲ ರೈಲೂ ನಿಲ್ಲುವುದಿಲ್ಲ, ವೇಳಾಪಟ್ಟಿ ನೋಡಿಯೇ ಮನೆ ಬಿಡಿ.

ಬೈಯುತ್ತಾರಾ ಅಂದಿರಲ್ಲ. ಇಲ್ಲ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಪಬ್ಲಿಕ್ ಫುಟ್‌ಪಾತ್ ಎಂದು ದಾಖಲಾದ ಕಾಲುದಾರಿ ಖಾಸಗಿ ಹೊಲದ ನಡುವೆ ಹೋದರೂ ನಡೆಯುವ ಹಕ್ಕು ಎಲ್ಲರಿಗೂ ಕಾನೂನಿನಲ್ಲೇ ಇದೆ. ಗೇಟಿನ ಕಂಬದ ಮೇಲೆ ಹಳದಿ ಬಾಣ ಇದ್ದರೆ ನಡೆಯುವವರ ದಾರಿ, ನೀಲಿ ಬಾಣ ಇದ್ದರೆ ಕುದುರೆ, ಸೈಕಲ್ಲಿಗೂ ಸಲ್ಲುವ ದಾರಿ. ಅಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ 1:25,000 ನಕ್ಷೆಯಲ್ಲಿ ಈ ಹಾದಿಗಳನ್ನು ಹಸಿರು ಗೆರೆ ತುಂಡುಗಳಿಂದ ಗುರುತಿಸಿರುತ್ತಾರೆ. ಒಂದು ಕಿ.ಮೀ.ಗೆ ನಾಲ್ಕು ಸೆಂ.ಮೀ., ಹೊಲದ ಬೇಲಿ ಸಮೇತ ಕಾಣುತ್ತದೆ. ಆದರೆ ಹಕ್ಕಿರುವುದು ಆ ಹಾದಿಯ ಮೇಲೆ ಮಾತ್ರ, ಇಡೀ ಹೊಲದ ಮೇಲಲ್ಲ. ಮುಚ್ಚಿದ್ದ ಗೇಟನ್ನು ದಾಟಿದ ಮೇಲೆ ಮತ್ತೆ ಮುಚ್ಚಿ, ತೆರೆದಿದ್ದನ್ನು ತೆರೆದೇ ಬಿಡಿ. ಕರುವಿರುವ ಹಸುಗಳ ನಡುವೆ ಮಾತ್ರ ಹಾಯಬೇಡಿ, ದೂರದಿಂದ ಬಳಸಿ ಹೋಗಿ. ಅಲ್ಲಿ ಹಸುಗಳಿಂದ ನಡಿಗೆಯವರು ಪೆಟ್ಟು ತಿಂದದ್ದು, ಪ್ರಾಣ ಕಳೆದುಕೊಂಡದ್ದೂ ಉಂಟು.

ಕಾಲುವೆ ದಂಡೆಯಲ್ಲಿ ಕಿರಿಕಿರಿ ಅಂದರೆ ಸೈಕಲ್ಲು. ಬಾತ್ ಹತ್ತಿರ ರಜಾದಿನಗಳಲ್ಲಿ ವಿಪರೀತ. ಹಿಂದಿನಿಂದ ಗಂಟೆ ಕೇಳಿಸಿದರೆ ಸಾವಕಾಶವಾಗಿ ಒಂದು ಪಕ್ಕಕ್ಕೆ ಸರಿಯಿರಿ, ಗಾಬರಿಯಲ್ಲಿ ನೀರಿನ ಕಡೆ ಹಾರಬೇಡಿ. ದೋಣಿ ಕಟ್ಟಲು ನೆಲಕ್ಕೆ ಗೂಟ ಹೊಡೆದಿರುತ್ತಾರೆ, ಕಾಲ ಕೆಳಗೆ ನೋಡಿಕೊಳ್ಳಿ. ಶೌಚಾಲಯ ದಂಡೆಯಲ್ಲಿ ಸಿಗುವುದಿಲ್ಲ, ಸ್ಟೇಷನ್ನಿನಲ್ಲೋ ಪಬ್ಬಿನಲ್ಲೋ ಮುಗಿಸಿಕೊಳ್ಳಿ. ಮಳೆ ಬಂದ ಮರುದಿನ ಬಾತ್‌ನಿಂದ ದೂರ ಹೋದಂತೆಲ್ಲ ಕೆಸರು ಸಿಗಬಹುದು, ಹಿಡಿತವಿರುವ ಬೂಟು ಬೇಕು. ಮೂರು ತಿಂಗಳು ಯಾವ ಮೂರು ಅಂತ ನೀವು ಬರೆದಿಲ್ಲ. ಜೂನ್ ಆದರೆ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ಡಿಸೆಂಬರಿನಲ್ಲಿ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಚಳಿಗಾಲವಾದರೆ ಪೂರ್ತಿ ದೂರದ ಯೋಚನೆ ಬಿಡಿ.

ರುಚಿ ಹತ್ತಿದರೆ ಮುಂದಿನದಕ್ಕೆ ವೇಲ್ಸ್‌ನ ಲ್ಯಾಂಗಾಲೆನ್ ಕಾಲುವೆ. ಅಲ್ಲಿ 1805ರಲ್ಲಿ ತೆರೆದ ಪಾಂಟ್‌ಕಸಲ್ತಿ ಮೇಲ್ಗಾಲುವೆಯಿದೆ, ಎಂಜಿನಿಯರುಗಳಾದ ಟೆಲ್ಫರ್ಡ್ ಮತ್ತು ಜೆಸಪ್ ಕಟ್ಟಿದ್ದು. 307 ಮೀಟರ್ ಉದ್ದದ ಕಬ್ಬಿಣದ ತೊಟ್ಟಿ ಡೀ ನದಿಯ ಮೇಲೆ 38 ಮೀಟರ್ ಎತ್ತರದಲ್ಲಿ ನಿಂತಿದೆ, 2009ರಿಂದ ವಿಶ್ವ ಪರಂಪರೆಯ ತಾಣ. ನಡೆಯುವವರ ಕಡೆ ಕಂಬಿಯಿದೆ, ದೋಣಿಯ ಆಚೆ ಬದಿಗೆ ಏನೂ ಇಲ್ಲ. ಎತ್ತರದ ಭಯ ಇರುವವರು ಕೆಳಗಿನ ಸೇತುವೆಯಿಂದಲೇ ನೋಡುವುದು ಒಳ್ಳೆಯದು. ಮುಖ್ಯ ರೈಲು ಲ್ಯಾಂಗಾಲೆನ್ ಊರಿಗೆ ಹೋಗುವುದಿಲ್ಲ. ರುಆಬನ್ ಸ್ಟೇಷನ್ನಿನಲ್ಲಿ ಇಳಿದು ಬಸ್ಸು ಹಿಡಿಯಬೇಕು, ಅಥವಾ ಒಂದು ಭಾನುವಾರ ಮಗನಿಗೆ ಕಾರು ತೆಗೆಯಲು ಹೇಳಿ.